ಕಾಲು ಮುಂದಾಗಿ ಹುಟ್ಟಿದವನ ಮಂಡಿ

ನಾನು ಕಾಲು ಮುಂದಾಗಿ ಹುಟ್ಟಿದವನು. ಹೀಗಂದ ತಕ್ಷಣ ನಮ್ಮ ಹುಣಸೂರು ಕಡೆಯ ಜನ ನನ್ನ ಮುಖ ನೋಡುವುದು ಬಿಟ್ಟು ಕಾಲು ನೋಡುತ್ತಾರೆ. ಅದರಲ್ಲೂ ಬಲಗಾಲು. ಎಲ್ಲ ಮಕ್ಕಳೂ ತಲೆ ಮುಂದಾಗಿ ಈ ಲೋಕಕ್ಕೆ ಬಂದರೆ ಅಪರೂಪಕ್ಕೆ ಕೆಲವರು ಪಾದ ಮುಂದಿಟ್ಟು ಬರುತ್ತಾರಲ್ಲ, ಅಂಥವರು ಬಲಗಾಲಿನಿಂದ ಮೂರು ಸಲ ಮೆಲ್ಲಗೆ ತುಳಿದರೆ ಉಳುಕಿದ ಸೊಂಟ ಬಿಡುತ್ತದೆ ಎಂಬುದು ನಮ್ಮಲ್ಲಿ ಯಾರೂ ವಾದಕ್ಕೆ ಇಳಿಯದ ವಿಷಯ. ನಾನೂ ಇಳಿದವನಲ್ಲ. ನನ್ನನ್ನು ಯಾರು ಕೇಳಿದ್ದರು?

ಕಟ್ಟೆಮಳಲವಾಡಿಯಲ್ಲಿ ನಾವಿದ್ದಾಗ ಬೆಳಗ್ಗೆ ನಾನು ಹಲ್ಲುಜ್ಜಿಕೊಂಡು ಹೊರಗೆ ಬರುವಷ್ಟರಲ್ಲಿ ಜಗುಲಿಯ ಮೇಲೆ ಯಾರಾದರೊಬ್ಬರು ಬೋರಲು ಮಲಗಿರುತ್ತಿದ್ದರು. ಮೂಟೆ ಎತ್ತಿ ಸೊಂಟ ಹಿಡಿಸಿಕೊಂಡವರು, ಬಾವಿಯಿಂದ ನೀರು ಸೇದುವಾಗ ಉಳುಕಿಸಿಕೊಂಡವರು, ಸುಮ್ಮನೆ ಸೀನಿ ಬಗ್ಗಿದವರು ಏಳಲಾಗದೆ ಬಂದದ್ದೂ ಉಂಟು. ನಾನು ತುಳಿಯಬೇಕು, ಅವರು ಹಿಂತಿರುಗಿ ನೋಡದೆ ಹೋಗಬೇಕು, ಏನೂ ಕೊಡಬಾರದು. ದೊಡ್ಡವರಿಗೆ ಕಾಲು ತಾಗಿದರೆ ಪಾಪ ಅಂತ ಬೇರೆ ಹುಡುಗರಿಗೆ ಏಟು ಬೀಳುತ್ತಿದ್ದಾಗ ನಾನೊಬ್ಬ ಮಾತ್ರ ಹಿರಿಯರನ್ನು ತುಳಿದು, ಆಮೇಲೆ ಅವರ ಪಾದ ಮುಟ್ಟಿ ಕಣ್ಣಿಗೊತ್ತಿಕೊಂಡು ಸ್ಕೂಲಿಗೆ ಹೋಗುತ್ತಿದ್ದೆ. ಒಂದು ಸಲ ಗಣಿತದ ಮೇಷ್ಟ್ರೇ ಬಂದು ಮಲಗಿದರು. ಹಿಂದಿನ ದಿನ ಬೆತ್ತದಲ್ಲಿ ಬಾರಿಸಿದ್ದರು. ಆವತ್ತು ಮೂರನೆಯ ತುಳಿತ ಸ್ವಲ್ಪ ಗಟ್ಟಿಯಾಗಿಯೇ ಬಿತ್ತು. ಮಾರನೆಯ ದಿನ ಅವರು ನೆಟ್ಟಗೆ ನಡೆದು ಬಂದು ಇಡೀ ತರಗತಿಯ ಮುಂದೆ ನನ್ನ ಕಾಲಿನ ಗುಣವನ್ನು ಹೊಗಳಿದರು.

ಊರಿನವರದೆಲ್ಲ ಒಂದು ತೂಕವಾದರೆ ಅವ್ವನ ಸೊಂಟವೇ ಒಂದು ತೂಕ. ವರ್ಷಗಟ್ಟಲೆ ಬಗ್ಗಿ ಕೂತು ಹೊಗೆಸೊಪ್ಪನ್ನು ಕಡ್ಡಿಗೆ ಕಟ್ಟಿ, ಸೊಪ್ಪು ಒಣಗಿಸುವ ಬ್ಯಾರನ್ ಮನೆ ತುಂಬಿಸಿ, ಅವಳ ಸೊಂಟ ಸವೆದುಹೋಗಿತ್ತು. ಪ್ರತಿ ಅಮಾವಾಸ್ಯೆಯ ಬೆಳಗ್ಗೆ ಸ್ನಾನ ಮಾಡಿ ಚಾಪೆ ಹಾಸಿ ಮಲಗುತ್ತಿದ್ದಳು. ನಾನು ಗೋಡೆ ಹಿಡಿದು ಎಡಗಾಲಿನ ಮೇಲೆ ನಿಂತು ಬಲಗಾಲನ್ನು ಅವಳ ಸೊಂಟದ ಮೇಲಿಟ್ಟು ತುಳಿಯುತ್ತಿದ್ದೆ. ಎದ್ದ ಮೇಲೆ ಅವಳ ಮುಖ ನೋಡಬೇಕಿತ್ತು. ಹತ್ತು ವರ್ಷ ಕಡಿಮೆಯಾದ ಹಾಗೆ ಕಾಣುತ್ತಿದ್ದಳು. ಅಪ್ಪ ತೀರಿಕೊಂಡು, ನಾನು ಹುಣಸೂರಿನಲ್ಲಿ ಟ್ರಾಕ್ಟರ್ ಬಿಡಿಭಾಗದ ಅಂಗಡಿ ಇಟ್ಟು, ಮದುವೆಯಾಗಿ, ಅಂಗಡಿ ಹಿಂದೆಯೇ ಮನೆ ಮಾಡಿ ಅವ್ವನನ್ನು ಕರೆತಂದ ಮೇಲೂ ಇದು ತಪ್ಪಲಿಲ್ಲ. ಡಾಕ್ಟರಿಗೆ ತೋರಿಸಲಿಲ್ಲವೇ ಅಂದರೆ ತೋರಿಸಿದೆ. ಮೂಳೆ ಸವೆತ ಅಂದರು, ಮಾತ್ರೆ ಕೊಟ್ಟರು, ಸೊಂಟಕ್ಕೆ ಕಟ್ಟಲು ಬೆಲ್ಟ್ ಕೊಟ್ಟರು. ಆ ಬೆಲ್ಟನ್ನು ಅವ್ವ ಅಕ್ಕಿ ಡ್ರಮ್ಮಿನ ಮುಚ್ಚಳ ಜಾರದಂತೆ ಕಟ್ಟಲು ಬಳಸಿದಳು.

ಇಂಥ ಕಾಲಿಟ್ಟುಕೊಂಡು ನಾನು ಪ್ಯಾಡೆಲ್ ಆಡಲು ಹೋದೆ.

ತಪ್ಪು ನನ್ನ ಗೆಳೆಯನದು ಅಂತ ಹೇಳಿಬಿಡುತ್ತೇನೆ, ಅವನೂ ಇದನ್ನು ಓದಲಿ. ದುಬೈನಲ್ಲಿ ಬಹಳ ವರ್ಷ ಕೆಲಸ ಮಾಡಿ ವಾಪಸ್ ಬಂದವನು, ಪಿರಿಯಾಪಟ್ಟಣದ ಕಡೆ ಹಾರನಹಳ್ಳಿ ಹತ್ತಿರ ಅವನಿಗೆ ಜಮೀನಿದೆ. ಅಲ್ಲಿದ್ದ ಹಳೆಯ ಹೊಗೆಸೊಪ್ಪಿನ ಬ್ಯಾರನ್ ಕೆಡವಿ ಒಂದು ಗಾಜಿನ ಪೆಟ್ಟಿಗೆ ಕಟ್ಟಿಸಿದ. ಸುತ್ತಲಿನವರು ಮೊದಲು ಕಾರಿನ ಶೋರೂಮ್ ಅಂದುಕೊಂಡರು, ಆಮೇಲೆ ಮೀನು ಸಾಕುವ ತೊಟ್ಟಿ ಅಂದುಕೊಂಡರು. ಅದು ಪ್ಯಾಡೆಲ್ ಆಡುವ ಅಂಗಳ. ಒಳಗೆ ಹಸಿರು ಪ್ಲಾಸ್ಟಿಕ್ ಹುಲ್ಲು, ಅದರ ಮೇಲೆ ತೆಳ್ಳಗೆ ಮರಳು, ನಡುವೆ ಒಂದು ನೆಟ್. ಇಬ್ಬರಿಗೆ ಇಬ್ಬರು ಎದುರು. ಬ್ಯಾಟು ಟೆನಿಸಿನದರ ಹಾಗೆ ಹೆಣೆದದ್ದಲ್ಲ, ತೂತು ತೂತಿನ ಹಲಗೆ. ಮಜಾ ಇರುವುದು ಗಾಜಿನಲ್ಲಿ. ಚೆಂಡು ನಿಮ್ಮನ್ನು ದಾಟಿ ಹೋಗಿ ಹಿಂದಿನ ಗಾಜಿಗೆ ಬಡಿದು ವಾಪಸ್ ಬರುತ್ತದೆ, ಆಗಲೂ ಹೊಡೆಯಬಹುದು. ಅಂದರೆ ಮುಗಿಯಿತು ಅಂದುಕೊಂಡದ್ದು ಮುಗಿದಿರುವುದಿಲ್ಲ. ನಲವತ್ತು ದಾಟಿದ ಗಂಡಸರಿಗೆ ಇದಕ್ಕಿಂತ ಹುಚ್ಚು ಹಿಡಿಸುವ ಆಟ ಇನ್ನೊಂದು ಬೇಕೇ?

ಪ್ರತಿ ಭಾನುವಾರ ಬೆಳಗ್ಗೆ ನಾಲ್ಕು ತಾಲ್ಲೂಕಿನ ನಾಲ್ವರು ಸೇರುತ್ತಿದ್ದೆವು. ಪಿರಿಯಾಪಟ್ಟಣದಿಂದ ಅವನು, ಹುಣಸೂರಿನಿಂದ ನಾನು, ಕೆ.ಆರ್. ನಗರದಿಂದ ಒಬ್ಬ ರೈಸ್‌ಮಿಲ್ ಮಾಲೀಕ, ಎಚ್.ಡಿ. ಕೋಟೆಯಿಂದ ಹೋಂಸ್ಟೇ ನಡೆಸುವ ಒಬ್ಬ. ಮೈ ಬಿಸಿ ಮಾಡಿಕೊಳ್ಳುವುದು ಅಂದರೆ ನಮಗೆ ಬಿಸಿ ಟೀ ಕುಡಿಯುವುದು. ಕಾರಿಳಿದು, ಟೀ ಕುಡಿದು, ನೇರ ಅಂಗಳಕ್ಕೆ. ಕಾಲಿಗೆ ಮನೆಯಲ್ಲಿದ್ದ ಯಾವುದೋ ಶೂ. ರೈಸ್‌ಮಿಲ್ಲಿನವನಂತೂ ಮಗನ ಮದುವೆಗೆ ತಂದಿದ್ದ ಬಿಳಿ ಶೂ ಹಾಕಿಕೊಂಡು ಬರುತ್ತಿದ್ದ.

ಕೆಲವೇ ತಿಂಗಳಲ್ಲಿ ನಮ್ಮ ಮಾತುಕತೆ ಬರೀ ಮಂಡಿಯ ಮೇಲೆ ಬಂದು ನಿಂತಿತು. ರೈಸ್‌ಮಿಲ್ಲಿನವನಿಗೆ ಮಂಡಿಚಿಪ್ಪಿನ ಕೆಳಗೆ ನೋವು. ತಲೆಯ ಮೇಲಿನ ಚೆಂಡನ್ನು ಹಾರಿ ಹಾರಿ ಹೊಡೆದದ್ದರ ಫಲ, ಮೆಟ್ಟಿಲು ಇಳಿಯುವಾಗ ದೇವರ ನೆನಪು ಮಾಡಿಕೊಳ್ಳುತ್ತಿದ್ದ. ಎಚ್.ಡಿ. ಕೋಟೆಯವನು ಚೆಂಡಿಗೆ ಅಗಲಕ್ಕೆ ಕಾಲು ಚಾಚಿ ಮಂಡಿಯ ಒಳಬದಿಯ ನರ ಎಳೆಸಿಕೊಂಡಿದ್ದ. ನರ ಅಂತ ನಾವು ಹೇಳುತ್ತಿದ್ದೆವು, ಅದು ಎರಡು ಮೂಳೆಯನ್ನು ಬಿಗಿದು ಹಿಡಿಯುವ ಪಟ್ಟಿ ಅಂತ ಆಮೇಲೆ ತಿಳಿಯಿತು. ಗೆಳೆಯನ ಮಂಡಿ ಆಡಿದ ದಿನ ಸಂಜೆಗೆ ಊದಿಕೊಂಡು ಮಾರನೆಯ ದಿನ ಇಳಿಯುತ್ತಿತ್ತು. ನನ್ನದೊಂದೇ ನೆಟ್ಟಗಿತ್ತು. "ಅವಂದೇನು ಬುಡ್ಲಾ, ಕಾಲ್ ಮುಂದಾಗಿ ಉಟ್ಟವ್ನೆ, ಅವನ್ ಕಾಲಿಗೆ ಏನಾಯ್ತದೆ" ಅನ್ನುತ್ತಿದ್ದರು. ನಾನೂ ಒಳಗೊಳಗೇ ಬೀಗುತ್ತಿದ್ದೆ. ಹೂಂ, ಬೀಗುತ್ತಿದ್ದೆ.

ಆ ಭಾನುವಾರ ಬಿಸಿಲು ಇನ್ನೂ ಗಾಜಿಗೆ ಬಿದ್ದಿರಲಿಲ್ಲ. ಚೆಂಡು ನನ್ನ ತಲೆ ಮೇಲೆ ಹಾರಿ ಹಿಂದೆ ಬಿತ್ತು. ಓಡಿದೆ. ಅದು ಗಾಜಿಗೆ ಬಡಿದು ನಾನು ಎಣಿಸಿದ್ದಕ್ಕಿಂತ ಬೇರೆ ದಿಕ್ಕಿಗೆ ಬಂತು. ಗಕ್ಕನೆ ತಿರುಗಿದೆ. ಮೈ ತಿರುಗಿತು, ಸೊಂಟ ತಿರುಗಿತು, ತೊಡೆಯೂ ತಿರುಗಿತು. ಶೂ ಮಾತ್ರ ಹುಲ್ಲಿಗೆ ಕಚ್ಚಿಕೊಂಡು ತಿರುಗಲಿಲ್ಲ. ನಡುವೆ ಇದ್ದದ್ದು ಮಂಡಿ. 'ಟಕ್' ಅಂತ ಒಂದು ಸದ್ದು, ನೆಟ್ಟಿನ ಆಚೆಯವರಿಗೂ ಕೇಳಿಸಿತಂತೆ. ನೆಲಕ್ಕೆ ಬಿದ್ದಾಗ ಬಲಮಂಡಿ ಮಡಿಸಿದಂತೆಯೇ ಇತ್ತು. ನೆಟ್ಟಗೆ ಮಾಡಲು ಹೋದರೆ ಒಳಗೆ ಯಾರೋ ಬೆಣೆ ಹೊಡೆದ ಹಾಗೆ ಅಲ್ಲಿಗೇ ನಿಂತುಬಿಡುತ್ತಿತ್ತು.

"ಉಳುಕು ಕಣ್ಲಾ, ಏನಿಲ್ಲ" ಅಂದ ಗೆಳೆಯ. "ನೀನೇ ಒಂದ್ಸಲ ತುಳ್ಕೊಬುಡು."

"ಯಾವ್ ಕಾಲಲ್ಲಿ ತುಳ್ಕೊಳ್ಲೋ ಬೆಪ್ಪಾ? ಬಲಗಾಲೇ ಅಲ್ವಾ ಓಗಿರೋದು" ಅಂದೆ.

ಇದನ್ನು ಕೇಳಿ ಮೂವರೂ ನಕ್ಕರು. ನೋವಿನಲ್ಲೂ ನನಗೆ ನಗು ಬಂತು. ಆದರೆ ಆಮೇಲೆ ನೋಡಿದರೆ ಎಚ್.ಡಿ. ಕೋಟೆಯವನು ನಿಜವಾಗಿಯೂ ಯೋಚನೆ ಮಾಡುತ್ತಾ ಕೂತಿದ್ದ. ಬಲಗಾಲಿನಿಂದ ಬಲಮಂಡಿ ಮುಟ್ಟುವುದು ಹೇಗೆ ಅಂತ.

ಮನೆಗೆ ಬಂದಾಗ ಅವ್ವನೂ ಅದನ್ನೇ ಹೇಳಿದಳು, ಉಳುಕು. ನಮ್ಮಲ್ಲಿ ಮೈಯೊಳಗೆ ಏನು ತಪ್ಪಿದರೂ ಅದಕ್ಕೆ ಒಂದೇ ಹೆಸರು. ಹರಿದಿದ್ದರೂ ಉಳುಕು, ಮುರಿದಿದ್ದರೂ ಉಳುಕು. ಆ ಹೆಸರು ಹಿಡಿದುಕೊಂಡು ನಾವು ಮಾಡುವ ತಪ್ಪುಗಳಿಗೆ ಲೆಕ್ಕವಿಲ್ಲ. ನನ್ನಂತೆಯೇ ಕಾಲು ಮುಂದಾಗಿ ಹುಟ್ಟಿದ ಅಜ್ಜಿಯೊಬ್ಬರು ಅವ್ವನ ತವರು ಸಾಲಿಗ್ರಾಮದಲ್ಲಿ ಇದ್ದರು. ಅವರನ್ನು ಕಾರಿನಲ್ಲಿ ಕರೆಸಿದಳು. ನನ್ನ ಹೆಂಡತಿ ಬೇಡ ಬೇಡ ಅಂದಳು. ಜೀವಮಾನವಿಡೀ ಬೇರೆಯವರನ್ನು ತುಳಿದವನು ನಾನು, ನನ್ನ ಸರದಿ ಬಂದಾಗ ಒಲ್ಲೆ ಅನ್ನುವುದು ಹೇಗೆ? ಮಲಗಿದೆ. ಅಜ್ಜಿ ಮೆಲ್ಲಗೇ ಕಾಲಿಟ್ಟರು. ಮೊದಲನೆಯದಕ್ಕೆ ಹಲ್ಲು ಕಚ್ಚಿದೆ, ಎರಡನೆಯದಕ್ಕೆ ಒಳಗೇನೋ ಕಟ್ ಅಂದು ಕಣ್ಣು ಕತ್ತಲೆ ಬಂತು. ಮೂರನೆಯದು ಆಗಲಿಲ್ಲ, ಹೆಂಡತಿ ಅಜ್ಜಿಯ ತೋಳು ಹಿಡಿದು ಪಕ್ಕಕ್ಕೆ ಸರಿಸಿದಳು. "ಸಾಕು ಬುಡಿ ಅಜ್ಜಿ, ನಿಮ್ಗೆ ಕೈ ಮುಗಿತೀನಿ" ಅಂದವಳೇ ನನ್ನ ಕಡೆ ತಿರುಗಿ, "ಏಳ್ರೀ, ಮೈಸೂರಿಗೆ" ಅಂದಳು.

ಮೈಸೂರಿನ ಡಾಕ್ಟರು ಸ್ಕ್ಯಾನ್ ಮಾಡಿಸಿ, ಪ್ಲಾಸ್ಟಿಕ್ ಮಂಡಿಯ ಬೊಂಬೆ ಹಿಡಿದುಕೊಂಡು ನಿಧಾನವಾಗಿ ವಿವರಿಸಿದರು. ತೊಡೆ ಮೂಳೆಗೂ ಮೊಣಕಾಲಿನ ಕೆಳಗಿನ ಮೂಳೆಗೂ ನಡುವೆ ಮೆತ್ತನೆಯ ಗಾದಿಯಿದೆ. ಅದು ಉದ್ದಕ್ಕೆ ಸೀಳಿ, ಸೀಳಿದ ತುಂಡು ಬಕೀಟಿನ ಹಿಡಿಯ ಹಾಗೆ ಮಗುಚಿಕೊಂಡು ಕೀಲಿನ ನಡುವೆ ಸಿಕ್ಕಿಕೊಂಡಿದೆ. ಅದಕ್ಕೇ ಕಾಲು ನೆಟ್ಟಗಾಗುತ್ತಿಲ್ಲ. "ಪ್ಯಾಡೆಲ್ ಆಡೋವ್ರಲ್ಲಿ ಇದನ್ನ ನೋಡ್ತಾ ಇರ್ತೀವಿ. ಶೂ ನೆಲಕ್ಕೆ ಹಿಡ್ಕೊಂಡಿರುತ್ತೆ, ಮೈ ತಿರುಗಿರುತ್ತೆ" ಅಂದರು. ಆಮೇಲೆ ಹೇಳಿದ್ದು ಮುಖ್ಯ. ಬೇಗ ಆಪರೇಷನ್ ಮಾಡಿದರೆ ಆ ತುಂಡನ್ನು ಸ್ವಸ್ಥಾನಕ್ಕೆ ಕೂರಿಸಿ ಹೊಲಿಯಬಹುದು, ಗಾದಿ ಉಳಿಯುತ್ತದೆ. ತಡ ಮಾಡಿದರೆ ಜಜ್ಜಿ ಹೋಗುತ್ತದೆ, ಆಗ ಕತ್ತರಿಸಿ ತೆಗೆಯುವುದೇ ಗತಿ. ಗಾದಿ ಹೋದ ಮಂಡಿ ವಯಸ್ಸಾಗುವ ಮುಂಚೆಯೇ ಸವೆಯುತ್ತದೆ. ನನಗೆ ಚೆನ್ನಾಗಿ ಅರ್ಥವಾಯಿತು. ಕಬ್ಬಿಣ ಕಬ್ಬಿಣಕ್ಕೆ ಉಜ್ಜದಂತೆ ನಡುವೆ ಹಾಕುವ ಬುಷ್ ಇಲ್ಲದೆ ಓಡಿಸಿದ ಟ್ರಾಕ್ಟರ್ ಏನಾಗುತ್ತದೆ ಅಂತ ನಾನೇ ದಿನಾ ಗಿರಾಕಿಗಳಿಗೆ ಹೇಳುವವನು.

ಹೇಳಿದ ವಾರವೇ ಬಂದು ಮಲಗುತ್ತೇನೆ ಅಂತ ಒಪ್ಪಿಕೊಂಡು ಬಂದೆ. ಅವ್ವ ಒಪ್ಪಲಿಲ್ಲ.

"ಆ ಕಾಲಿಗೆ ಕತ್ತಿ ಮುಟ್ಟಿಸ್‌ಬಾರ್ದು ಕಣ ಮಗ. ಗುಣ ಓಯ್ತದೆ."

"ಕತ್ತಿ ಅಲ್ಲ ಕಣವ್ವ, ಸಣ್ಣದಾಗಿ ಎಲ್ಡು ತೂತು ಮಾಡ್ತಾರಂತೆ."

"ತೂತಾದ್ರೂ ಅಷ್ಟೆ. ರಕ್ತ ಬಂತು ಅಂದ್ರೆ ಓಯ್ತು. ಆಮೇಲೆ ನನ್ ಸೊಂಟಕ್ಕೆ ಯಾರ್ಲಾ ಗತಿ?"

ಅವಳು ಇದನ್ನು ಹೇಳಿದ್ದು ಜಗಳದ ದನಿಯಲ್ಲಲ್ಲ, ಭಯದಿಂದ. ಅಮಾವಾಸ್ಯೆಯ ನಂತರದ ಆ ಕೆಲವು ದಿನಗಳ ನೆಮ್ಮದಿಯ ಮೇಲೆ ಅವಳು ಇಡೀ ತಿಂಗಳನ್ನು ನೂಕುತ್ತಿದ್ದಳು ಅಂತ ನನಗೆ ಗೊತ್ತಿತ್ತು. ನನಗೆ ಸಿಟ್ಟು ಬಂತು, ಕೂಗಾಡಿದೆ. ಕೂಗಾಡಿ ಆದ ಮೇಲೆ ಆಸ್ಪತ್ರೆಗೆ ಫೋನ್ ಮಾಡಿ, ಅಂಗಡಿಯಲ್ಲಿ ಕೆಲಸವಿದೆ, ಮುಂದಿನ ವಾರ ಬರುತ್ತೇನೆ ಅಂದೆ. ಮುಂದಿನ ವಾರವೂ ಅದನ್ನೇ ಅಂದೆ. ನನ್ನ ಕಾಲಿನಲ್ಲಿ ಗುಣ ಇದೆ ಅಂತ ನಾನು ನಂಬಿದ್ದೆನಾ? ಇಲ್ಲ. ಆದರೆ ಚಾಪೆಯಿಂದ ಎದ್ದಾಗಿನ ಅವ್ವನ ಮುಖವನ್ನು ನಂಬಿದ್ದೆ. ಅದನ್ನು ಅವಳಿಂದ ಕಿತ್ತುಕೊಳ್ಳಲು ನನಗೆ ಮನಸ್ಸು ಬರಲಿಲ್ಲ. ಇತ್ತ ಊರುಗೋಲು ಹಿಡಿದು ಕುಂಟುತ್ತಿದ್ದೆ, ಒಳಗೆ ಆ ತುಂಡು ಅರೆಯುತ್ತಿರುವುದು ಪ್ರತಿ ಹೆಜ್ಜೆಗೂ ಗೊತ್ತಾಗುತ್ತಿತ್ತು.

ಹೆಂಡತಿ ಎರಡು ದಿನ ಮಾತು ಬಿಟ್ಟಳು. ಮೂರನೆಯ ದಿನ ತಟ್ಟೆ ಇಡುತ್ತಾ ಕೇಳಿದಳು: "ನಿಮ್ಮವ್ವನ ಸೊಂಟಕ್ಕೆ ನಿಮ್ ಮಂಡಿ ಅಡ ಇಟ್ಟಿದ್ದೀರೇನ್ರೀ?"

ಅಡುಗೆಮನೆಯಲ್ಲಿದ್ದ ಅವ್ವನಿಗೂ ಇದು ಕೇಳಿಸಿರಬೇಕು. ಪಾತ್ರೆಯ ಸದ್ದು ನಿಂತಿತು.

ಅಷ್ಟರಲ್ಲಿ ಅಮಾವಾಸ್ಯೆ ಬಂತು. ಅವ್ವ ಎಂದಿನಂತೆ ಸ್ನಾನ ಮಾಡಿ, ನಡುಮನೆಯಲ್ಲಿ ಚಾಪೆ ಹಾಸಿ ಬೋರಲು ಮಲಗಿದಳು. ಬಾ ಅಂತ ಕರೆಯಲೂ ಇಲ್ಲ, ಬೇಡ ಅಂತ ಹೇಳಲೂ ಇಲ್ಲ. ನಾನು ಊರುಗೋಲು ಗೋಡೆಗೊರಗಿಸಿ, ಕಿಟಕಿಯ ಸರಳು ಹಿಡಿದು, ಎಡಗಾಲಿನ ಮೇಲೆ ನಿಂತೆ. ಬಲಗಾಲು ಮಡಿಸಿಕೊಂಡೇ ಇತ್ತು. ಪಾದ ಅವಳ ಸೊಂಟ ಮುಟ್ಟಬೇಕಾದರೆ ಮಂಡಿ ಇನ್ನಷ್ಟು ಬಿಚ್ಚಬೇಕು. ಒತ್ತಿದೆ. ಬೆಣೆ ಬಿಡಲಿಲ್ಲ. ಇನ್ನೂ ಒತ್ತಿದೆ. ಬಾಯಿಂದ ಎಂಥ ಸದ್ದು ಬಂತೋ ಏನೋ, ನನ್ನ ದನಿ ನನಗೇ ಗುರುತು ಸಿಗಲಿಲ್ಲ. ಸರಳು ಹಿಡಿದಂತೆಯೇ ಕುಸಿದು ಕೂತೆ. ಕಣ್ಣಲ್ಲಿ ನೀರು ಬಂದಿತ್ತು.

 ಅವ್ವ ಅಂಗೈ ಊರಿ, ಮೊದಲು ಪಕ್ಕಕ್ಕೆ ಹೊರಳಿ, ಕಷ್ಟಪಟ್ಟು ಎದ್ದಳು. ಚಾಪೆ ಸುತ್ತಿ ಮೂಲೆಗಿಟ್ಟಳು. ಕಾಫಿ ಮಾಡಿಕೊಂಡು ಬಂದು ನನ್ನ ಕೈಗೆ ಕೊಟ್ಟು, ಎದುರಿಗೆ ಕುರ್ಚಿಯಲ್ಲಿ ಕೂತಳು.

"ನೀನು ತಲೆ ಮುಂದಾಗೇ ಉಟ್ಟಿದ್ದು ಕಣ ಮಗ" ಅಂದಳು.

ನನಗೆ ಕೇಳಿಸಿತು, ತಲೆಗೆ ಹೋಗಲಿಲ್ಲ.

"ಎಲ್ಲಾ ಮಕ್ಳಂಗೇ ಉಟ್ದೆ. ನಾನೇ ಸುಳ್ಳೇಳಿದ್ದು."

ಅವಳು ಹೇಳಿದ ಕಥೆ ಇದು. ನಾನು ಹುಟ್ಟಿದ್ದು ಅವ್ವನ ತವರಿನಲ್ಲಿ, ಸಾಲಿಗ್ರಾಮದಲ್ಲಿ. ಚೊಚ್ಚಲ ಹೆರಿಗೆ. ಅದಕ್ಕೆ ಮುಂಚೆ ಸೀಮಂತದ ದಿನ ಊಟದ ಪಂಕ್ತಿಯಲ್ಲಿ ನನ್ನ ಸೋದರಮಾವ ಅಪ್ಪನ ಕಡೆಯ ತಾತನಿಗೆ ಏನೋ ಒರಟಾಗಿ ಅಂದಿದ್ದನಂತೆ. ಆ ಸಿಟ್ಟಿಗೆ ಕಟ್ಟೆಮಳಲವಾಡಿಯಿಂದ ಯಾರೂ ಮಗು ನೋಡಲು ಬರಲಿಲ್ಲ. ಅಪ್ಪನೂ ಬರಲಿಲ್ಲ. ಮೂರು ತಿಂಗಳಾಯಿತು, ತೊಟ್ಟಿಲಿಗೆ ಹಾಕುವ ಶಾಸ್ತ್ರಕ್ಕೂ ಸುಳಿವಿಲ್ಲ. ನೀರಿಗೆ ಹೋದಲ್ಲಿ ಹೆಂಗಸರು ಕೇಳಲು ಶುರುಮಾಡಿದರು. ಕಟ್ಟೆಮಳಲವಾಡಿಯವರೊಬ್ಬರು ಎತ್ತು ನೋಡಲು ಸಾಲಿಗ್ರಾಮಕ್ಕೆ ಬಂದಾಗ ಅವ್ವ ಅವರ ಹತ್ತಿರ ಒಂದು ಮಾತು ಹೇಳಿ ಕಳಿಸಿದಳು: ಮಗು ಕಾಲು ಮುಂದಾಗಿ ಹುಟ್ಟಿದೆ ಅಂತ ನಮ್ಮ ಅತ್ತೆಗೆ ಹೇಳಿ.

"ನಿಮ್ಮಜ್ಜಿಗೆ ಆಗ್ಲೇ ಸೊಂಟ ಬಗ್ಗೋಗಿತ್ತು. ಮಾರ್ನೇ ದಿನದ ಬಸ್ಸಿಗೇ ಬಂದ್ರು. ಸೊಸೆ ನೋಡಕ್ಕಲ್ಲ, ಮೊಮ್ಮಗನ್ನ ನೋಡಕ್ಕೂ ಅಲ್ಲ, ಕಾಲ್ ನೋಡಕ್ಕೆ ಬಂದ್ರು. ಅಲ್ಲೇ ಬೋರ್ಲು ಮಲಗಿ, ನನ್ ಕೈಲಿ ನಿನ್ನ ಎತ್ತಿಸಿ ನಿನ್ ಪಾದನ ಸೊಂಟದ್ಮೇಲೆ ಒತ್ತಿಸ್ಕಂಡ್ರು. ಎದ್ದು, ನೋವು ಓಯ್ತು ಅಂದ್ರು."

"ಓಯ್ತಾ?"

"ಓಯ್ತು ಅಂದ್ರಪ್ಪ. ನಾನೇನ್ ಮಾಡ್ಲಿ? ಆವತ್ತೇ ನಮ್ಮಿಬ್ರನ್ನೂ ಕರ್ಕಂಡ್ ಬಂದ್ರು."

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಆಮೇಲೆ ಕೋಪ ಬಂತು. ಎಷ್ಟು ಜನರ ಬೆನ್ನು ತುಳಿದಿದ್ದೇನೆ! ಗಣಿತದ ಮೇಷ್ಟ್ರಿಂದ ಹಿಡಿದು ಪಂಚಾಯ್ತಿ ಮೆಂಬರವರೆಗೆ! ಚಳಿಯಲ್ಲಿ, ಜ್ವರದಲ್ಲಿ, ಪರೀಕ್ಷೆಯ ದಿನ ಬೆಳಗ್ಗೆ ಕೂಡ ಎಬ್ಬಿಸಿ ಜಗುಲಿಗೆ ತಳ್ಳಿದ್ದಳಲ್ಲ ಈ ಮಹಾತಾಯಿ! ಇದನ್ನೆಲ್ಲ ಕೂಗಿ ಹೇಳಿದೆ. ಅವ್ವ ನನ್ನ ಕೈಯಿಂದ ಲೋಟ ತೆಗೆದುಕೊಂಡಳು.

"ಸುಳ್ಳು ಅಂತ ಗೊತ್ತಿದ್ರೆ ನೀನ್ಯಾಕವ್ವ ಪ್ರತಿ ಅಮಾಸೆ ಮಲಗ್ತಿದ್ದೆ?"

"ನಾನೇ ಮಲಗ್ದಿದ್ರೆ ನಿಮ್ಮಜ್ಜಿಗೆ ಅನುಮಾನ ಬರಕಿಲ್ವಾ? ಆಮೇಲೆ ಅಜ್ಜಿ ತೀರ್ಕಂಡ್ರು, ಅಭ್ಯಾಸ ಉಳ್ಕತು." ಲೋಟದ ಅಂಚನ್ನು ಸೆರಗಿನಲ್ಲಿ ಒರೆಸುತ್ತಾ, "ತಿಂಗ್ಳಿಗೊಂದ್ಸಲ ನೀನು ವಸಿ ಹೊತ್ತು ನನ್ ಪಕ್ಕ ನಿಂತ್ಕತಿದ್ಯಲ್ಲ, ಅಷ್ಟೇ ಕಣಪ್ಪ" ಅಂದಳು. "ಗುಣನೂ ಇಲ್ಲ ಏನೂ ಇಲ್ಲ. ಓಗಿ ಕಾಲು ಹೊಲಿಸ್ಕಂಡ್ ಬಾ."

ಆ ವಾರವೇ ಆಪರೇಷನ್ ಆಯಿತು. ತಡವಾಗಿದೆ, ಆದರೂ ಹೊಲಿಯುವಷ್ಟು ಉಳಿದಿದೆ ಅಂದರು ಡಾಕ್ಟರು. ಆಸ್ಪತ್ರೆಯ ಹಾಸಿಗೆಯಲ್ಲಿ ಕಾಲಿಗೆ ಉದ್ದನೆಯ ಪಟ್ಟಿ ಕಟ್ಟಿಸಿಕೊಂಡು ಮಲಗಿದ್ದಾಗ, ಮಾಡಲು ಬೇರೆ ಕೆಲಸವಿಲ್ಲದೆ, ನಾನು ಅವ್ವನ ಮಾತನ್ನು ತಿರುವಿ ತಿರುವಿ ನೋಡುತ್ತಿದ್ದೆ. ಆಗ ನನಗೆ ಒಂದು ಅನುಮಾನ ಹೊಕ್ಕಿತು. ಅವಳು ಎಲ್ಲ ಪ್ರಶ್ನೆಗೂ ತಟ್ಟನೆ ಉತ್ತರ ಕೊಟ್ಟಿದ್ದಳು. ಕೇಳುತ್ತಾನೆ ಅಂತ ಮೊದಲೇ ಗೊತ್ತಿದ್ದವಳ ಹಾಗೆ. ನಮ್ಮವ್ವ ಹಾಗೆಲ್ಲ ಅಚ್ಚುಕಟ್ಟಾಗಿ ಕಥೆ ಹೇಳುವವಳಲ್ಲ. ನಿನ್ನೆ ಏನು ಸಾರು ಅಂದರೂ ಮೊನ್ನೆಯದರಿಂದ ಶುರುಮಾಡುವವಳು.

ಹಾಗಾದರೆ ಯಾವುದು ಸುಳ್ಳು? ತನ್ನ ಅತ್ತೆಯನ್ನು ಕರೆಸಲು ಆವತ್ತು ಹೇಳಿದ್ದಾ, ನನ್ನನ್ನು ಆಸ್ಪತ್ರೆಗೆ ಕಳಿಸಲು ಈವತ್ತು ಹೇಳಿದ್ದಾ? ಹೆರಿಗೆ ಮಾಡಿಸಿದ ಸೂಲಗಿತ್ತಿ ತೀರಿಕೊಂಡು ಎಷ್ಟೋ ಕಾಲವಾಯಿತು. ಚಿಕ್ಕಮ್ಮ ಇದ್ದಾಳೆ, ಅವ್ವನ ತಂಗಿ, ಸಾಲಿಗ್ರಾಮದಲ್ಲೇ. ಆ ದಿನ ಅದೇ ಮನೆಯಲ್ಲಿ ಇದ್ದವಳು. ಒಂದು ಫೋನ್ ಮಾಡಿದರೆ ತಿಳಿದುಹೋಗುತ್ತಿತ್ತು. ಫೋನ್ ಕೈಗೆತ್ತಿಕೊಂಡು ಹೆಸರು ಹುಡುಕಿಯೂ ಇದ್ದೆ. ಆಮೇಲೆ ಇಟ್ಟುಬಿಟ್ಟೆ. ತಲೆ ಮುಂದಾಗಿ ಹುಟ್ಟಿದ್ದರೆ ಅವ್ವ ಆಗ ನನಗೋಸ್ಕರ ಸುಳ್ಳು ಹೇಳಿದ್ದಳು. ಕಾಲು ಮುಂದಾಗಿ ಹುಟ್ಟಿದ್ದರೆ ಈಗ ನನಗೋಸ್ಕರ ಸುಳ್ಳು ಹೇಳಿದ್ದಳು. ಯಾವುದೇ ಆಗಲಿ, ನಾನು ಹೋಗಿ ಹಿಡಿದು ಕೇಳುವಂಥ ಸುಳ್ಳಲ್ಲ ಅದು.

ಒಂದು ವಿಷಯ ಮಾತ್ರ ನನಗೆ ತಡವಾಗಿ ಹೊಳೆಯಿತು. ಮನೆಗೆ ಬಂದ ಮೇಲೆ ಬಂದ ಅಮಾವಾಸ್ಯೆಗೆ ಅವ್ವ ಚಾಪೆ ಹಾಸಲಿಲ್ಲ. ನನ್ನ ಕಾಲು ನೆಲಕ್ಕೆ ಊರುವಂತಿರಲಿಲ್ಲವಲ್ಲ, ಅದಕ್ಕೇ ಅಂದುಕೊಂಡೆ. ಅದರ ಮುಂದಿನದಕ್ಕೂ ಹಾಸಲಿಲ್ಲ. ನಾನು ಊರುಗೋಲು ಬಿಟ್ಟು ಅಂಗಡಿಯವರೆಗೆ ನಡೆಯುವಂತಾದ ಮೇಲೂ ಹಾಸಲಿಲ್ಲ. ಗುಣವಿಲ್ಲ ಅಂತ ತನ್ನ ಬಾಯಿಂದಲೇ ಹೇಳಿಬಿಟ್ಟಿದ್ದಳು. ಇನ್ನು ಹೋಗಿ ಮಲಗಿದರೆ ನನ್ನನ್ನು ಆಪರೇಷನ್ನಿಗೆ ಕಳಿಸಿದ ಮಾತೇ ಸುಳ್ಳಾಗುತ್ತದೆ. ತನಗಿದ್ದ ಒಂದು ಬಾಗಿಲನ್ನು ತಾನೇ ಮುಚ್ಚಿಕೊಂಡು ಬೀಗದ ಕೈ ನನಗೆ ಕೊಟ್ಟಿದ್ದಳು. ಆಪರೇಷನ್ ಆದಾಗಿನಿಂದ ಸೊಂಟ ನೋವು ಅನ್ನುವ ಮಾತು ನಾನು ಅವಳ ಬಾಯಿಂದ ಕೇಳಿಲ್ಲ. ಅಡುಗೆಮನೆಯಿಂದ ನಡುಮನೆಗೆ ಬರುವಾಗ ಗೋಡೆ ಸವರಿಕೊಂಡು ಬರುತ್ತಾಳೆ. ನಾನು ನೋಡುತ್ತಿದ್ದೇನೆ ಅನ್ನಿಸಿದರೆ ಗೋಡೆಯ ಧೂಳು ಒರೆಸುವವಳ ಹಾಗೆ ಕೈಯಾಡಿಸುತ್ತಾಳೆ.

ತಡೆಯಲಾಗದೆ ಒಂದು ಅಮಾವಾಸ್ಯೆ ಬೆಳಗ್ಗೆ ಚಾಪೆಯನ್ನು ನಾನೇ ತಂದು ಹಾಸಿದೆ.

"ಮಲಗವ್ವ."

"ಯಾಕ್ಲಾ? ಸುಳ್ಳು ಅಂತ ಏಳ್ಲಿಲ್ವಾ?"

"ಸುಳ್ಳೋ ನಿಜಾನೋ. ಸುಮ್ನೆ ಮಲಗು."

"ನಂಗೆ ನೋವೇ ಇಲ್ಲ ಬುಡು. ದೇವ್ರು ಒಳ್ಳೇದ್ ಮಾಡ್ದ, ತಾನಾಗೇ ಓಗದೆ" ಅಂದಳು. ಅಂದು, ಹರಳೆಣ್ಣೆಯ ಬಟ್ಟಲು ತಂದು ನನ್ನನ್ನೇ ಕುರ್ಚಿಯಲ್ಲಿ ಕೂರಿಸಿದಳು. ತಾನು ಆ ಚಾಪೆಯ ಮೇಲೆ ನನ್ನ ಕಾಲ ಬಳಿ ಕೂತು ಪಂಚೆ ಸರಿಸಿ, ಮಂಡಿಯ ಮೇಲಿನ ಸಣ್ಣ ಗಾಯದ ಗುರುತುಗಳ ಸುತ್ತ ನಿಧಾನವಾಗಿ ಎಣ್ಣೆ ಸವರತೊಡಗಿದಳು.  ಅಂಗಡಿ ಕಡೆಯಿಂದ ಯಾರೋ ಗಿರಾಕಿ ಕೂಗಿದರು, ಹೆಂಡತಿ ಹೋಗಿ ನೋಡಿಕೊಂಡಳು.

ಎಣ್ಣೆ ಹಚ್ಚಿ ಮುಗಿದ ಮೇಲೆ ಅವ್ವ ಏಳಲು ನೋಡಿದಳು. ಆಗಲಿಲ್ಲ. ಇನ್ನೊಂದು ಸಲ ನೋಡಿದಳು. ನಾನು ಕೈ ಚಾಚಿದೆ. ಅವಳು ಕೈ ಹಿಡಿಯಲಿಲ್ಲ. ನನ್ನ ಬಲಮಂಡಿಯ ಮೇಲೆ ಅಂಗೈ ಇಟ್ಟು ಮೆಲ್ಲಗೆ ಒತ್ತಿ ನೋಡಿದಳು.

"ನೋಯ್ತದಾ?"

"ಇಲ್ಲವ್ವ."

"ದಿಟವಾಗೂ?"

"ದಿಟವಾಗೂ."

ಆಗ ಅವಳು ಇನ್ನೊಂದು ಅಂಗೈಯನ್ನೂ ಅಲ್ಲೇ ಇಟ್ಟು, ತನ್ನ ಇಡೀ ಭಾರವನ್ನು ಆ ಮಂಡಿಯ ಮೇಲೆ ಬಿಟ್ಟು, ಎದ್ದು ನಿಂತಳು.